ಗಣಕಯಂತ್ರದಲ್ಲಿ ನಮ್ಮ ಬರಹ ನಡೆದುಬಂದ ದಾರಿ

ಶ್ರಾವಣಮಾಸದಲ್ಲಿ ಕಸಾಪುರ, ಮುರಡಿ, ನೇಮಕಲ್ಲು ಈ ಮೂರೂ ಕ್ಷೇತ್ರಗಳ ಆಂಜನೇಯಸ್ವಾಮಿಯ ದರ್ಶನವನ್ನು ಒಂದೇ ದಿನದಲ್ಲಿ ಮುಗಿಸಿ ಬರುವ ರೂಢಿ ನಮ್ಮ ಭಾಗದಲ್ಲಿ ಉಂಟು. ಹಾಗೆ ನೇಮಕಲ್ಲಿಗೆ ಬರುವ ಹೆಣ್ಣುಮಕ್ಕಳ ಬಾಯಿಂದಲೂ, ಸುತ್ತಲ ಹಳ್ಳಿಗಳ ಬೀಸುವ ಕಲ್ಲುಗಳ ಬಳಿಯಿಂದಲೂ ನಮ್ಮ ಶಾಲೆಯ ಕನ್ನಡ ಪಂಡಿತರು ಹಲವು ವರ್ಷ ಹಾಡುಗಳನ್ನು ಸಂಗ್ರಹಿಸಿದರು. ಭಾನುವಾರ ಬಂತೆಂದರೆ ಸೈಕಲ್ಲು, ಒಂದು ಕೈಚೀಲ, ನೂರು ಪುಟದ ನೋಟುಪುಸ್ತಕ. 2004ರಲ್ಲಿ ಬಳ್ಳಾರಿಯ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಅವೆಲ್ಲವನ್ನೂ ಗಣಕಯಂತ್ರಕ್ಕೆ ಏರಿಸಿ, ಮೂರು ಕಡತಗಳಾಗಿ ಸಿ.ಡಿ.ಯೊಂದರಲ್ಲಿ ತಂದು ನನಗೂ ಒಂದು ಪ್ರತಿ ಕೊಟ್ಟರು. “ಇನ್ನು ಗೆದ್ದಲಿನ ಭಯವಿಲ್ಲ ಸಾರ್” ಎಂದಿದ್ದರು. ಆ ಧೈರ್ಯದಿಂದಲೇ ನೋಟುಪುಸ್ತಕಗಳನ್ನು ಯಾರೂ ಜೋಪಾನ ಮಾಡಲಿಲ್ಲ. ಮನೆ ಬದಲಾಯಿಸುವಾಗ ಅವು ರದ್ದಿಗೆ ಹೋದವು. ಪಂಡಿತರೂ ಈಗ ನಮ್ಮೊಂದಿಗಿಲ್ಲ.

2016ರ ಬೇಸಿಗೆಯಲ್ಲಿ ನನ್ನ ಮನೆಯ ಗಣಕಯಂತ್ರದ ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿಸಿದೆ. ವಿಂಡೋಸ್ 10 ಹೊರಬಂದದ್ದು 2015ರ ಜುಲೈ 29ರಂದು. ಏಳನೆಯ ಆವೃತ್ತಿ ಇದ್ದವರಿಗೆ ಒಂದು ವರ್ಷದವರೆಗೆ ಅದು ಉಚಿತವಾಗಿ ದೊರೆಯುತ್ತಿತ್ತು. ಉಚಿತವೆಂದರೆ ನಿವೃತ್ತರ ಕಿವಿ ನೆಟ್ಟಗಾಗುವುದು ಸಹಜ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಪೇಟೆಯಲ್ಲಿ ಗಣಕಯಂತ್ರ ದುರಸ್ತಿ ಮಾಡುವವನು, ಮನೆಗೆ ಬಂದು ಹಳೆಯದನ್ನೆಲ್ಲ ಅಳಿಸಿ ಹೊಸದನ್ನು ಕೂರಿಸಿದ. ಯಂತ್ರ ಥಳಥಳ ಹೊಳೆಯಿತು. ಆದರೆ ಪತ್ರ ಬರೆಯಲು ಕುಳಿತರೆ ವರ್ಡ್ ಇಲ್ಲ, ಪಿಂಚಣಿಯ ಲೆಕ್ಕಕ್ಕೆ ಎಕ್ಸೆಲ್ ಇಲ್ಲ. ಕೇಳಿದರೆ ಅವನು, “ಸಾರ್, ಈಗ ಬಂದಿರೋದು ಬರೀ ಮನೆ. ಒಳಗಿನ ಪಾತ್ರೆ ಪಗಡೆ ನೀವೇ ತಗಾಬೇಕು. ಅದಕ್ಕೆ ಬೇರೆ ದುಡ್ಡು” ಎಂದ. ಇಷ್ಟು ವರ್ಷ ಇದ್ದ ವರ್ಡ್ ಎಲ್ಲಿಂದ ಬಂದಿತ್ತೆಂದು ಕೇಳಿದೆ. ಅವನು ನಕ್ಕು ತಲೆ ಕೆರೆದುಕೊಂಡ. ಮೊದಲು ಯಂತ್ರ ಕೊಂಡಾಗ ಅಂಗಡಿಯಾತ ಅದನ್ನು ಹಾಗೆಯೇ ಹಾಕಿಕೊಟ್ಟಿದ್ದ. ಪರವಾನಗಿ ಎಂಬುದೊಂದು ಇದೆಯೆಂದು ಕೇಳುವ ಅಭ್ಯಾಸ ಆಗ ಯಾರಿಗೂ ಇರಲಿಲ್ಲ. ಮಕ್ಕಳಿಗೆ ನಕಲು ಮಾಡಬಾರದೆಂದು ಮೂವತ್ತು ವರ್ಷ ಹೇಳಿದ ನನಗೂ ಇರಲಿಲ್ಲ.

ಅದೇ ಸಂಜೆ ಪಂಡಿತರ ಸಿ.ಡಿ.ಯನ್ನು ಹಾಕಿ, ಯಂತ್ರದೊಂದಿಗೆ ಬಂದಿದ್ದ ಚಿಕ್ಕ ಬರಹ ತಂತ್ರಾಂಶದಲ್ಲಿ ಮೊದಲ ಕಡತವನ್ನು ತೆರೆದೆ. ಒಂದು ಕನ್ನಡ ಅಕ್ಷರವೂ ಇರಲಿಲ್ಲ. ನೆತ್ತಿಯ ಮೇಲೆ ಎರಡು ಚುಕ್ಕೆ ಹೊತ್ತ ಇಂಗ್ಲಿಷ್ ಸ್ವರಗಳು, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಗಳು, ಪೌಂಡಿನ ಗುರುತು, ಅರ್ಧ ಕಾಲು ಭಿನ್ನರಾಶಿಗಳು ಪುಟದ ನಂತರ ಪುಟ ಇದೇ ಬಂತು. ಪಂಡಿತರ ಮಗಳಿಗೆ ಏನೆಂದು ಹೇಳಲಿ?

ಆ ದಿನದಿಂದ ನಾನು ಈ ವಿಷಯವನ್ನು ಓದಿ, ಬಲ್ಲವರನ್ನು ಕೇಳಿ ತಿಳಿಯತೊಡಗಿದೆ. ಅದರ ಫಲವೇ ಈ ಲೇಖನ. ನಾನು ಚರಿತ್ರೆಯ ಮೇಷ್ಟ್ರು, ವಿಜ್ಞಾನಿಯಲ್ಲ. ಆದ್ದರಿಂದ ಚರಿತ್ರೆಯನ್ನೇ ಹೇಳುತ್ತೇನೆ.

ಕನ್ನಡಕ್ಕೆ ಹೊಸ ಯಂತ್ರ ಬಂದಾಗಲೆಲ್ಲ ಅಕ್ಷರವನ್ನು ಅದಕ್ಕೆ ಹೊಂದಿಸಿಕೊಳ್ಳುವ ಕಷ್ಟ ನಮ್ಮ ಪಾಲಿಗೇ ಬಂದಿದೆ. ನಮ್ಮ ನೆರೆಯ ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಬೈಬಲನ್ನು ಕನ್ನಡಕ್ಕೆ ತಂದರು. ಅಲ್ಲಿಯೇ ಇದ್ದ ವಿಲಿಯಂ ರೀವ್ ನಿಘಂಟು ರಚಿಸಿದರು. ಆ ಕಾಲದ ಮುದ್ರಕರಿಗೆ ಇದ್ದ ಸಮಸ್ಯೆ ಒಂದೇ. ಇಂಗ್ಲಿಷಿಗೆ ಕೆಲವು ಡಜನ್ ಮೊಳೆಗಳು ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಮೊಳೆಗಳು ಬೇಕು. ಅದಕ್ಕೆಂದೇ ಅಕ್ಷರವನ್ನು ತಲಕಟ್ಟು, ಗುಡಿಸು, ಕೊಂಬು, ಒತ್ತು ಎಂದು ತುಂಡುತುಂಡಾಗಿಸಿ ಜೋಡಿಸುವ ವಿದ್ಯೆ ಬೆಳೆಯಿತು. ಬೆರಳಚ್ಚು ಯಂತ್ರದಲ್ಲಿಯೂ ಇದೇ ವಿದ್ಯೆ. ಗಣಕಯಂತ್ರ ಬಂದಾಗ ನಮ್ಮವರು ಅದನ್ನೇ ಅಲ್ಲಿಗೂ ಕೊಂಡೊಯ್ದರು. ಪಂಡಿತರ ಹಾಡುಗಳಿಗೆ ಆದ ಗತಿಯ ಮೂಲ ಇಲ್ಲಿದೆ.

ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಇಂತಹ ಸಂಖ್ಯೆಗೆ ಇಂತಹ ಅಕ್ಷರವೆಂದು ಒಂದು ಒಪ್ಪಂದ ಬೇಕು. ಮೊದಲಿನ ಯಂತ್ರಗಳ ಪಟ್ಟಿಯಲ್ಲಿ ಇದ್ದದ್ದು 256 ಮನೆಗಳು. ಅವೆಲ್ಲ ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಹಂಚಿಹೋಗಿದ್ದವು. ನಮ್ಮ ತಂತ್ರಜ್ಞರು ಮಾಡಿದ ಉಪಾಯವೇನೆಂದರೆ, ಆ ಮನೆಗಳ ಸಂಖ್ಯೆಯನ್ನು ಹಾಗೆಯೇ ಬಿಟ್ಟು, ಅಲ್ಲಿದ್ದ ಇಂಗ್ಲಿಷ್ ಅಕ್ಷರದ ಚಿತ್ರವನ್ನು ತೆಗೆದು ಕನ್ನಡದ ತುಂಡೊಂದರ ಚಿತ್ರವನ್ನು ಇಟ್ಟರು. ಆ ಚಿತ್ರಗಳ ಗಂಟಿಗೇ ಫಾಂಟ್ ಎಂದು ಹೆಸರು. ಅದು ಯಂತ್ರದಲ್ಲಿ ಇರುವವರೆಗೆ ಪರದೆಯ ಮೇಲೆ ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್ ಕಸ. ಬಯಲಾಟದಲ್ಲಿ ವೇಷ ಕಳಚಿದ ಮೇಲೆ ರಾಜನು ಎದುರು ಮನೆಯ ತಿಪ್ಪೇಸ್ವಾಮಿಯಾಗಿ ಉಳಿಯುವ ಹಾಗೆ. ನಾನು ಹಳೆಯದನ್ನೆಲ್ಲ ಅಳಿಸಿದಾಗ ಅಳಿದದ್ದು ಆ ವೇಷದ ಗಂಟು. ಹಾಡು ಅಲ್ಲಿಯೇ ಇತ್ತು, ಆದರೆ ಅದು ಕನ್ನಡವೆಂದು ಯಂತ್ರಕ್ಕೆ ಎಂದೂ ತಿಳಿದಿರಲಿಲ್ಲ.

ಈ ಉಪಾಯವನ್ನು ನಾನು ಹಳಿಯುತ್ತಿಲ್ಲ. ಅದಿಲ್ಲದಿದ್ದರೆ ಆ ದಶಕದ ಕನ್ನಡ ಪತ್ರಿಕೆಗಳಾಗಲಿ ಪುಸ್ತಕಗಳಾಗಲಿ ಹೊರಬರುತ್ತಿರಲಿಲ್ಲ. ಅದನ್ನು ಸಾಧಿಸಿದ ಮಹನೀಯರಲ್ಲಿ ಮೊದಲು ನೆನೆಯಬೇಕಾದವರು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ಧ್ವನಿಯನ್ನು ಅನುಸರಿಸಿ ಇಡೀ ಕನ್ನಡ ವರ್ಣಮಾಲೆಯನ್ನು ಅಳವಡಿಸಿದವರು ಅವರು. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್ ಒತ್ತಿ ಅದೇ ಕೀಲಿ, ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ. ನಮ್ಮ ವ್ಯಾಕರಣದ ವರ್ಗೀಯ ವ್ಯಂಜನಗಳ ವ್ಯವಸ್ಥೆಯೇ ಬೆರಳ ತುದಿಗೆ ಇಳಿದು ಬಂದಂತಾಯಿತು. ತಾವು ರೂಪಿಸಿದ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದೇ ಹೆಸರಿಟ್ಟು ಉಚಿತವಾಗಿ ಹಂಚಿದರು. ಅವರ ಕೀಲಿಮಣೆಯ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರದ ಅಧಿಕೃತ ವಿನ್ಯಾಸಕ್ಕೆ ಆಧಾರವಾಯಿತು. 1998ರ ಜನವರಿ 1ರಂದು, ಅಮೆರಿಕದಲ್ಲಿ ನೆಲೆಸಿದ್ದ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಪರದೇಶದ ಕನ್ನಡ ಮನೆಗಳಲ್ಲಿ ಎಷ್ಟೋ ಮಂದಿ ಮೊದಲ ಕನ್ನಡ ಪತ್ರವನ್ನು ಗಣಕಯಂತ್ರದಲ್ಲಿ ಬರೆದದ್ದು ಅದರಿಂದಲೇ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ಸರ್ಕಾರಿ ಕಚೇರಿಗಳಿಗೆ ಅದು ಹೋಯಿತು. ಒಬ್ಬರ ಫಾಂಟಿನಲ್ಲಿ ಬರೆದದ್ದು ಇನ್ನೊಬ್ಬರಲ್ಲಿ ಕಾಣದೆಂಬ ತೊಡಕನ್ನು ನಿವಾರಿಸಲು ಅಕ್ಷರದ ತುಂಡುಗಳಿಗೆ ಏಕರೂಪದ ಸಂಖ್ಯೆಗಳನ್ನು ನಿಗದಿಪಡಿಸುವ ಯತ್ನವೂ ನಡೆಯಿತು.

ಇಲ್ಲೊಂದು ಮಾತನ್ನು ಗಡಿನಾಡಿನವನಾಗಿ ಹೇಳಬೇಕು. ಕರ್ನಾಟಕ ಸರ್ಕಾರದ ಆದೇಶ ನಮ್ಮ ಊರಿನವರೆಗೆ ಬರುವುದಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಅನಂತಪುರ ಜಿಲ್ಲೆಯ ಮಡಕಶಿರಾ ಅಂದೂ ಆಂಧ್ರದಲ್ಲಿಯೇ ಉಳಿಯಿತು. 2022ರಲ್ಲಿ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ ರಾಯದುರ್ಗದ ಕನ್ನಡಿಗರಿಗೂ ಮಡಕಶಿರಾದ ಕನ್ನಡಿಗರಿಗೂ ಜಿಲ್ಲೆಯೂ ಬೇರೆಯಾಯಿತು. ಹೀಗಿರುವಾಗ ನಮ್ಮ ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡದ ತಂತ್ರಾಂಶವನ್ನು ಕಳಿಸುವ ಹೊಣೆ ಯಾರದು? ಯಾರೂ ಕಳಿಸಲಿಲ್ಲ. ಆದರೂ ಅದು ಬಂದಿತು. ಬಳ್ಳಾರಿಯ ಬಸ್ಸಿನಲ್ಲಿ, ಯಾರದೋ ಅಂಗಿಯ ಜೇಬಿನಲ್ಲಿ, ಸಿ.ಡಿ.ಯಾಗಿ. ಉಚಿತವಾಗಿ ಹಂಚಬಹುದಾದ ತಂತ್ರಾಂಶವಾದ್ದರಿಂದಲೇ ಹಾಗೆ ಬರಲು ಸಾಧ್ಯವಾಯಿತು. ಬೆಲೆ ಇದ್ದಿದ್ದರೆ ನಮ್ಮ ಶಾಲೆಯ ಪ್ರಶ್ನೆಪತ್ರಿಕೆಗಳು ಇನ್ನೂ ಹತ್ತು ವರ್ಷ ಸ್ಟೆನ್ಸಿಲ್ ಹಾಳೆಯ ಮೇಲೆಯೇ ಕೈಬರಹದಲ್ಲಿ ಉಳಿಯುತ್ತಿದ್ದವು.

ಇತ್ತ ಬೇರೊಂದು ದಾರಿಯಲ್ಲಿ ಕೆಲಸ ಸಾಗಿತ್ತು. ಅಕ್ಷರದ ತುಂಡಿಗಲ್ಲದೆ ಅಕ್ಷರಕ್ಕೇ ಸಂಖ್ಯೆ ಕೊಡಬೇಕು ಎಂಬುದು ಆ ದಾರಿ. ಭಾರತೀಯ ಲಿಪಿಗಳೆಲ್ಲಕ್ಕೂ ಒಂದೇ ಸಂಕೇತವೆಂಬ ‘ಇಸ್ಕೀ’ ಮಾನಕವು 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಪ್ರಪಂಚದ ಲಿಪಿಗಳನ್ನೆಲ್ಲ ಒಂದೇ ಪಟ್ಟಿಗೆ ತರುವ ಯುನಿಕೋಡಿನ ಮೊದಲ ಆವೃತ್ತಿ ಹೊರಬಂದಿತು. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಸಾಲು ದೊರೆಯಿತು. ನಮ್ಮ ಓದುಗರಿಗೆ ಸಂತೋಷವಾಗಬಹುದಾದ ಒಂದು ಸಂಗತಿಯೆಂದರೆ, ಆ ಪಟ್ಟಿಯಲ್ಲಿ ತೆಲುಗಿನ ಸಾಲು 3072ರಿಂದ 3199ರವರೆಗೆ, ಅದಕ್ಕೆ ಅಂಟಿಕೊಂಡೇ 3200ರಿಂದ 3327ರವರೆಗೆ ಕನ್ನಡದ ಸಾಲು. ತೆಲುಗಿನ ಕಕಾರ 3093, ಕನ್ನಡದ ಕಕಾರ 3221. ಬಹುಪಾಲು ಅಕ್ಷರಗಳಿಗೆ ಇದೇ 128ರ ಅಂತರ. ಗೋಡೆಯೊಂದನ್ನು ಹಂಚಿಕೊಂಡ ಎರಡು ಮನೆಗಳು. ನೇಮಕಲ್ಲಿನ ಬೀದಿಯನ್ನು ನೋಡಿಯೇ ಯಾರೋ ಪಟ್ಟಿ ಬರೆದಂತಿದೆ.

ಪಟ್ಟಿಯಲ್ಲಿ ಮನೆ ದೊರೆತರೆ ಸಾಲದು, ಆಪರೇಟಿಂಗ್ ಸಿಸ್ಟಮ್ ಅದನ್ನು ಮಾನ್ಯ ಮಾಡಬೇಕು. ‘ಕ್ಷ’ ಎಂಬುದು ಯುನಿಕೋಡಿನಲ್ಲಿ ಕ, ಹಲಂತ, ಷ ಎಂಬ ಮೂರು ಸಂಖ್ಯೆಗಳು. ಅವನ್ನು ಕೂಡಿಸಿ ಒಂದು ಅಕ್ಷರವಾಗಿ ಬಿಡಿಸುವ ಕೆಲಸ ಯಂತ್ರದ ಒಳಗೇ ನಡೆಯಬೇಕು. ಮೈಕ್ರೋಸಾಫ್ಟಿನವರ ವಿಂಡೋಸ್ 2000ದಲ್ಲಿ ಭಾರತದ ಲಿಪಿಗಳ ಪೈಕಿ ದೇವನಾಗರಿ, ತಮಿಳುಗಳಿಗೆ ಮಾತ್ರ ಈ ಭಾಗ್ಯವಿತ್ತು. ಕನ್ನಡ, ತೆಲುಗುಗಳಿಗೆ ಅದು ಬಂದದ್ದು 2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ಎಕ್ಸ್‌ಪಿಯಲ್ಲಿ. ಅಂದು ತೆಲುಗಿಗೆ ಕೊಟ್ಟ ಅಕ್ಷರರೂಪದ ಹೆಸರು ಗೌತಮಿ, ಕನ್ನಡದ್ದು ತುಂಗಾ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ನೀರಿಗೆ ವರ್ಷವೂ ಕಾಯುವ ಬೊಮ್ಮನಹಾಳಿನ ರೈತನಿಗೆ ಈ ಹೆಸರಿನ ರುಚಿ ತಿಳಿದೀತು. ಆದರೆ ಕಾಲುವೆಯ ನೀರಿನಂತೆಯೇ ಇದೂ ತಾನಾಗಿ ಹೊಲಕ್ಕೆ ಹರಿಯಲಿಲ್ಲ. ಎಕ್ಸ್‌ಪಿಯಲ್ಲಿ ಕನ್ನಡ ಕಾಣಬೇಕಾದರೆ ಪ್ರಾದೇಶಿಕ ಭಾಷೆಗಳ ವಿಭಾಗಕ್ಕೆ ಹೋಗಿ, ಗುರುತು ಹಾಕಿ, ಮೂಲ ಸಿ.ಡಿ.ಯನ್ನು ಮತ್ತೆ ತೂರಿಸಬೇಕಿತ್ತು. ಮೂಲ ಸಿ.ಡಿ. ಎಷ್ಟು ಮನೆಗಳಲ್ಲಿ ಇತ್ತು? 2007ರ ವಿಸ್ತಾದಿಂದ ಆ ತಂಟೆ ತಪ್ಪಿತು. ಹತ್ತನೆಯ ಆವೃತ್ತಿಗೆ ಬರುವ ಹೊತ್ತಿಗೆ ತುಂಗಾ ಐಚ್ಛಿಕವಾಗಿ ಹಾಕಿಕೊಳ್ಳಬೇಕಾದ ಫಾಂಟುಗಳ ಸಾಲಿಗೆ ಸರಿದು, ಭಾರತೀಯ ಲಿಪಿಗಳೆಲ್ಲಕ್ಕೂ ನಿರ್ಮಲಾ ಎಂಬ ಒಂದೇ ಅಕ್ಷರರೂಪ ನಿಂತಿತು.

ಹೀಗೆ 2001ಕ್ಕೆ ಮುಂಚೆ ಕನ್ನಡವೆಂಬುದು ಆಪರೇಟಿಂಗ್ ಸಿಸ್ಟಮಿನ ಹೊರಗೆ ನಿಂತು, ಬೇರೆಯಾಗಿ ತಂದು ಹಾಕಿಕೊಳ್ಳಬೇಕಾದ ಸಾಮಾನಾಗಿತ್ತು. ಆಮೇಲೆ ಅದು ಒಳಗೆ ಬಂದಿತು. ಆದರೆ ಹೊರಗಿದ್ದಾಗ ಬರೆದದ್ದೆಲ್ಲ ಹೊರಗೇ ಉಳಿಯಿತು. ಪಂಡಿತರು 2004ರಲ್ಲಿ ಟೈಪು ಮಾಡಿಸುವಾಗ ಯುನಿಕೋಡ್ ಇತ್ತು, ಎಕ್ಸ್‌ಪಿ ಇತ್ತು. ಆದರೆ ಅಚ್ಚಿನ ಅಂಗಡಿಗಳ ಪುಟವಿನ್ಯಾಸದ ತಂತ್ರಾಂಶಗಳಿಗೆ ಯುನಿಕೋಡ್ ಕನ್ನಡ ಹಿಡಿಸುತ್ತಿರಲಿಲ್ಲ. ಆದ್ದರಿಂದ ಅವರೆಲ್ಲ ಹಳೆಯ ದಾರಿಯಲ್ಲಿಯೇ ಇದ್ದರು. ಅವರನ್ನು ತಪ್ಪು ಎನ್ನಲಾಗದು. ಮರುದಿನ ಮದುವೆಯ ಕರೆಯೋಲೆ ಅಚ್ಚಾಗಬೇಕಾದವನಿಗೆ ಹತ್ತು ವರ್ಷದಾಚೆಯ ಓದುಗ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಕಚೇರಿ ತಂತ್ರಾಂಶದ ಮಾತು. ಆಪರೇಟಿಂಗ್ ಸಿಸ್ಟಮಿನ ಕೆಲಸ ಯಂತ್ರವನ್ನು ನಡೆಸುವುದು, ಕಡತಗಳನ್ನು ಇಟ್ಟು ತೆಗೆಯುವುದು, ಮುದ್ರಣಯಂತ್ರದೊಡನೆ ಮಾತನಾಡುವುದು. ಪತ್ರ ಬರೆಯುವ ವರ್ಡ್, ಲೆಕ್ಕದ ಎಕ್ಸೆಲ್ ಮೊದಲಿನಿಂದಲೂ ಪ್ರತ್ಯೇಕವಾದ ಸರಕುಗಳೇ. ಅವೆಲ್ಲವನ್ನೂ ಕಟ್ಟಿ ‘ಆಫೀಸ್’ ಎಂಬ ಹೆಸರಿನಲ್ಲಿ ವಿಂಡೋಸಿಗೆ ಮಾರತೊಡಗಿದ್ದು 1990ರಲ್ಲಿ. ಒಂದೇ ಕಂಪನಿಯವು, ಒಂದೇ ಪರದೆಯ ಮೇಲೆ ಕಾಣುತ್ತವೆ ಎಂಬ ಕಾರಣದಿಂದ ಜನರು ಎರಡನ್ನೂ ಒಂದೆಂದೇ ತಿಳಿದರು. ನಮ್ಮಲ್ಲಿ ಅಂಗಡಿಯವರು ಹೇಳದೆ ಕೇಳದೆ ಎರಡನ್ನೂ ಹಾಕಿಕೊಡುತ್ತಿದ್ದುದರಿಂದ ಆ ತಿಳುವಳಿಕೆ ಇನ್ನಷ್ಟು ಗಟ್ಟಿಯಾಯಿತು. 2011ರಿಂದ ವರ್ಷವರ್ಷವೂ ಬಾಡಿಗೆಯಂತೆ ಹಣ ಕಟ್ಟುವ ಪದ್ಧತಿಯೂ ಬಂದಿದೆ. ಪಿಂಚಣಿದಾರನಿಗೆ ಒಂದು ಸಲ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿಯೇ ಲೇಸೆಂದು ನನ್ನ ಅಭಿಪ್ರಾಯ. ಮಕ್ಕಳು ಒಪ್ಪುವುದಿಲ್ಲ.

ನಾನು ಕೊಳ್ಳಲಿಲ್ಲ. ಹಳೆಯ ವಿದ್ಯಾರ್ಥಿಯೇ ಲಿಬ್ರೆ ಆಫೀಸ್ ಎಂಬುದನ್ನು ಹಾಕಿಕೊಟ್ಟ. 2010ರಲ್ಲಿ ಆರಂಭವಾದ ಈ ತಂತ್ರಾಂಶ ಯಾರು ಬೇಕಾದರೂ ಬಳಸಬಹುದಾದ, ಹಂಚಬಹುದಾದ ಸ್ವತಂತ್ರ ತಂತ್ರಾಂಶ. ಅದರ ಆದೇಶಗಳನ್ನೂ ಕನ್ನಡದಲ್ಲಿ ಕಾಣಬಹುದು. ಕೊರತೆಯೇ ಇಲ್ಲವೆನ್ನಲಾರೆ. ಬೇರೆಯವರು ವರ್ಡಿನಲ್ಲಿ ಅಂದವಾಗಿ ಹೊಂದಿಸಿದ ಕೋಷ್ಟಕ ಇಲ್ಲಿ ತೆರೆದಾಗ ಕೆಲವೊಮ್ಮೆ ಅಂಕುಡೊಂಕಾಗುತ್ತದೆ. ಆದರೆ ನಮ್ಮಂತಹ ಇನ್ನೊಂದು ಗಡಿನಾಡು ಇದೇ ದಾರಿಯಲ್ಲಿ ಬಹಳ ದೂರ ನಡೆದಿದೆ ಎಂಬುದು ನನಗೆ ಆಮೇಲೆ ತಿಳಿಯಿತು. ಕೇರಳವು 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂಬ ಯೋಜನೆಯನ್ನು ಆರಂಭಿಸಿ, ಕಾಲಕ್ರಮದಲ್ಲಿ ತನ್ನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಗಣಕಯಂತ್ರಗಳನ್ನೆಲ್ಲ ಸ್ವತಂತ್ರ ತಂತ್ರಾಂಶಕ್ಕೆ ಬದಲಾಯಿಸಿತು. ಆಪರೇಟಿಂಗ್ ಸಿಸ್ಟಮೂ ಕಚೇರಿ ತಂತ್ರಾಂಶವೂ ಒಂದೇ ಗಂಟಿನಲ್ಲಿ ಬರುತ್ತವೆ, ಯಾವುದಕ್ಕೂ ಬೆಲೆಯಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಆ ಪಾಠವನ್ನು ಕನ್ನಡ ಪಠ್ಯಪುಸ್ತಕದಲ್ಲಿಯೇ ಓದುತ್ತಾರೆ. 1956ರಲ್ಲಿ ತಾಯಿನಾಡಿನಿಂದ ಹೊರಗುಳಿದವರೆಂದು ನಾವು ಮರುಗುವ ಕಾಸರಗೋಡಿನ ಮಕ್ಕಳಿಗೆ ಈ ಒಂದು ವಿಷಯದಲ್ಲಿ ನಮ್ಮ ಮಕ್ಕಳಿಗಿಲ್ಲದ ಅನುಕೂಲ ಇದೆ. ನಮ್ಮ ಕನ್ನಡ ಶಾಲೆಗಳ ಬೇಡಿಕೆಗಳ ಪಟ್ಟಿಯಲ್ಲಿ ಉಪಾಧ್ಯಾಯರ ನೇಮಕ, ಪಠ್ಯಪುಸ್ತಕಗಳ ಜೊತೆಗೆ ಇದನ್ನೂ ಏಕೆ ಸೇರಿಸಬಾರದು?

ಈ ಚರ್ಚೆ ಈಗ ಮತ್ತೆ ಮನೆಬಾಗಿಲಿಗೆ ಬಂದಿದೆ. ವಿಂಡೋಸ್ 10ರ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಲಾಯಿತು. ಆಫೀಸ್ 2016 ಹಾಗೂ 2019ರ ಬೆಂಬಲವೂ ಅದೇ ದಿನಕ್ಕೆ ಮುಗಿಯಿತು. ಬೆಂಬಲ ನಿಂತಿತೆಂದರೆ ಯಂತ್ರ ನಿಂತಿತೆಂದಲ್ಲ. ಸುರಕ್ಷತೆಯ ತೇಪೆಗಳು ಎಂದಿನಂತೆ ಬರುವುದಿಲ್ಲ ಎಂದಷ್ಟೇ. ಆದರೆ ಹನ್ನೊಂದನೆಯ ಆವೃತ್ತಿಯು ಹಳೆಯ ಯಂತ್ರಗಳಲ್ಲಿ ಇಲ್ಲದ ಭದ್ರತಾ ಸಾಧನವೊಂದನ್ನು ಕೇಳುವುದರಿಂದ ಅನೇಕರು ಯಂತ್ರವನ್ನೇ ಬದಲಾಯಿಸುತ್ತಿದ್ದಾರೆ. ಸಂಘದ ಸದಸ್ಯರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಹಳೆಯ ಯಂತ್ರವನ್ನು ಅಳಿಸುವ ಮೊದಲು ಅದರಲ್ಲಿರುವ ಕನ್ನಡ ಕಡತಗಳನ್ನು ಒಂದೊಂದಾಗಿ ತೆರೆದು ನೋಡಿರಿ. ಯಾವ ಫಾಂಟಿನಲ್ಲಿ ಇದೆಯೆಂದು ಬರೆದಿಟ್ಟುಕೊಳ್ಳಿರಿ. ಯುನಿಕೋಡಿಗೆ ಬದಲಾಯಿಸಿಕೊಳ್ಳಿರಿ. ಸಾಧ್ಯವಾದರೆ ಕಾಗದದ ಮೇಲೆ ಒಂದು ಪ್ರತಿ ಅಚ್ಚು ಹಾಕಿರಿ. ಗೆದ್ದಲು ಇನ್ನೂರು ಪುಟ ತಿನ್ನಲು ಎರಡು ಮಳೆಗಾಲವಾದರೂ ಬೇಕು.

ಪಂಡಿತರ ಕಡತಗಳಿಗೆ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಈಗ ಸುಲಭವಾಗಿ ದೊರೆಯುತ್ತವೆ. ಮೊದಲ ಎರಡು ಕಡತಗಳು ಅದರಲ್ಲಿ ಹಾದು ಕನ್ನಡವಾದವು. ಆದರೆ ಒಂದೊಂದು ಸಾಲನ್ನೂ ಕಣ್ಣಿಟ್ಟು ತಿದ್ದಬೇಕಾಯಿತು. ಹಳೆಯ ಕ್ರಮದಲ್ಲಿ ‘ಸೂರ್ಯ’ ಎಂಬಲ್ಲಿನ ಅರ್ಕಾವೊತ್ತು ಯಕಾರದ ನಂತರ ಬರುವ ತುಂಡು, ಯುನಿಕೋಡಿನಲ್ಲಿ ರಕಾರವೇ ಮೊದಲು. ಪರಿವರ್ತಕವು ಕೆಲವೆಡೆ ಅದನ್ನು ಸರಿಯಾಗಿ ಹಿಂದಕ್ಕೆ ತಂದಿತು, ಕೆಲವೆಡೆ ಮುಗ್ಗರಿಸಿತು. ಪಂಡಿತರು ಅಲ್ಲಲ್ಲಿ ಇಂಗ್ಲಿಷಿನಲ್ಲಿ ಹಾಕಿಸಿದ್ದ ದಿನಾಂಕ, ಊರಿನ ಹೆಸರುಗಳೂ ಕನ್ನಡದ ಅರ್ಥವಿಲ್ಲದ ಅಕ್ಷರಗಳಾಗಿ ಮಾರ್ಪಟ್ಟವು. ಅವರ ಮಗಳು ಮೂರು ರಜೆಗಳಲ್ಲಿ ನನ್ನ ಜೊತೆ ಕುಳಿತು ಓದಿದಳು. ಒಂದು ಹಾಡಿನ ನಡುವೆ ಏನೂ ತಿಳಿಯದೆ ನಾನು ನಿಂತಾಗ, “ಸಾರ್, ಇದು ನಮ್ಮಪ್ಪ ಸ್ನಾನ ಮಾಡ್ತಾ ಹೇಳ್ತಿದ್ದರು” ಎಂದು ಹಾಡಿಯೇ ತೋರಿಸಿದಳು. ತಿದ್ದುಪಡಿ ಹಾಗೆ ಆಯಿತು.

ಮೂರನೆಯ ಕಡತ ತೆರೆಯಲಿಲ್ಲ. ಅದು ಬರಹದ ಕಡತವಲ್ಲ, ಆ ಕಾಲದ ಅಚ್ಚಿನ ಅಂಗಡಿಗಳು ಬಳಸುತ್ತಿದ್ದ ಪುಟವಿನ್ಯಾಸದ ತಂತ್ರಾಂಶವೊಂದರ ಕಡತ. ಆ ತಂತ್ರಾಂಶ ಈಗ ಮಾರಾಟದಲ್ಲಿಯೇ ಇಲ್ಲ. ಬೇರೆಯಾಗಿ ಕೊಳ್ಳೋಣವೆಂದರೂ ಕೊಡುವವರಿಲ್ಲ. ಯಾರದಾದರೂ ಅಂಗಡಿಯ ಅಟ್ಟದ ಮೇಲೆ ಎಕ್ಸ್‌ಪಿ ಕಾಲದ ಯಂತ್ರವೊಂದು ಆ ತಂತ್ರಾಂಶದ ಸಮೇತ ಉಳಿದಿದ್ದರೆ ದಯವಿಟ್ಟು ಸಂಘದ ಕಾರ್ಯದರ್ಶಿಗಳಿಗೆ ತಿಳಿಸಿರಿ, ನಾನೇ ಸಿ.ಡಿ. ಹಿಡಿದು ಬರುತ್ತೇನೆ. ಅದರಲ್ಲಿರುವುದು ನೇಮಕಲ್ಲಿನ ಸುತ್ತಲಿನ ಬೀಸುವ ಹಾಡುಗಳೆಂದು ಪಂಡಿತರು ಸಿ.ಡಿ.ಯ ಮೇಲೆ ಬರೆದಿದ್ದಾರೆ. ಅವನ್ನು ಹಾಡಿಕೊಟ್ಟ ಹೆಣ್ಣುಮಕ್ಕಳಲ್ಲಿ ಇಬ್ಬರು ಇನ್ನೂ ಇದ್ದಾರೆ, ಒಬ್ಬಾಕೆಗೆ ಕಿವಿ ಕೇಳಿಸದಿದ್ದರೂ ದನಿ ಗಟ್ಟಿಯಾಗಿದೆಯಂತೆ. ಸಮ್ಮೇಳನ ಮುಗಿದ ವಾರ ಪಂಡಿತರ ಮಗಳೂ ನಾನೂ ಅಲ್ಲಿಗೆ ಹೊರಟಿದ್ದೇವೆ. ನೂರು ಪುಟದ ನೋಟುಪುಸ್ತಕ ಕೊಂಡಿದ್ದೇನೆ.